ರೇಡಿಯೋ ಮಾವ ಮತ್ತು ಮಾತು ಕೇಳದ ಡಬ್ಬಿ

ರೇಡಿಯೋ ಮಾವನ ಹೆಂಡತಿಯನ್ನು ಕರೆದೊಯ್ಯಲು ಐದು ಗಂಟೆಗೆ ಅವಳ ಅಕ್ಕ ಬರುವವಳಿದ್ದಳು. ಗಡಿಯಾರ ಆಗಲೇ ಮೂರೂವರೆ ತೋರಿಸುತ್ತಿತ್ತು. ಮೇಜಿನ ಮೇಲಿದ್ದ ಮಾತಾಡುವ ಡಬ್ಬಿ ಏಳನೇ ಸಲ ಅದೇ ರಾಗ ಎಳೆಯಿತು: "ನಿಮ್ಮ ಸರ್ವರ್ ಸಿಗುತ್ತಿಲ್ಲ."

"ಪಕ್ಕದಲ್ಲೇ ಇದೆಯಲ್ಲೋ, ದರಿದ್ರದ್ದೇ!" ಎಂದು ರೇಡಿಯೋ ಮಾವ ಹಲ್ಲು ಕಡಿದ.

ಮೂವತ್ತೆಂಟು ವರ್ಷ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿದ ಮನುಷ್ಯ. ಬೀದಿಗೆಲ್ಲ ಅವನು ರೇಡಿಯೋ ಮಾವ. ಸತ್ತ ಸೆಟ್ಟನ್ನು ಬದುಕಿಸುವುದರಲ್ಲಿ ಎತ್ತಿದ ಕೈ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವಳು. ಪಕ್ಕದಲ್ಲಿ ಕ್ಯಾಸೆಟ್ ಹಾಡದಿದ್ದರೆ ಅವಳ ಕಾಲು ಪೆಡಲ್ ತುಳಿಯುತ್ತಲೇ ಇರಲಿಲ್ಲ. ಎರಡು ವರ್ಷದಿಂದ ಮಸುಕಾಗುತ್ತ ಬಂದ ಅವಳ ದೃಷ್ಟಿ ಹೋದ ತಿಂಗಳು ಪೂರ್ತಿ ಹೋಯಿತು.

"ನೀರಿಗೂ ನಿಮ್ಮನ್ನೇ ಕರೀಬೇಕು, ಒಂದು ಹಾಡಿಗೂ ನಿಮ್ಮನ್ನೇ ಕರೀಬೇಕು. ಸಾಕಾಯ್ತು ರೀ. ಅಕ್ಕನ ಮನೇಲಿ ನಾಲ್ಕು ಜನ ಇದಾರೆ, ಅಲ್ಲಿಗೇ ಹೋಗ್ತೀನಿ," ಎಂದಿದ್ದಳು. ಇದ್ದುಬಿಡು ಎನ್ನಲು ಮಾವನಿಗೆ ಬಾಯಿ ಬರಲಿಲ್ಲ. ಬದಲಿಗೆ, ನೀನು ಬಾಯಲ್ಲಿ ಹೇಳಿದರೆ ಸಾಕು, ಮನೆಯ ಕ್ಯಾಸೆಟ್ಟಿನ ಹಾಡೆಲ್ಲ ಹಾಡುವ ಹಾಗೆ ಮಾಡಿಕೊಡುತ್ತೇನೆಂದು ಈ ಡಬ್ಬಿ ತಂದು ಹಠ ಹಿಡಿದು ಕೂತ.

ಕ್ಯಾಸೆಟ್‌ಗಳನ್ನೆಲ್ಲ ಹಳೆಯ ಕಂಪ್ಯೂಟರಿಗೆ ತುಂಬಿಸಿ ಅದನ್ನೇ ಹಾಡು ಒದಗಿಸುವ ಸರ್ವರ್ ಮಾಡಿದ್ದ. ಅದಕ್ಕೂ ಡಬ್ಬಿಗೂ ನಡುವೆ ಒಂದು ಗೇಣು ಜಾಗ. ವೈರಾಗಿದ್ದರೆ ಎರಡು ನಿಮಿಷದ ಸೋಲ್ಡರ್ ಕೆಲಸ. ಆದರೆ ಈ ಡಬ್ಬಿ ಪಕ್ಕಕ್ಕೆ ತಿರುಗಿ ನೋಡುವ ಜಾತಿಯದಲ್ಲ. ಕೇಳಿಸಿಕೊಂಡಿದ್ದನ್ನು ಎಲ್ಲೋ ದೂರದ ಕಂಪನಿಗೆ ಕಳಿಸುತ್ತದೆ; ಆ ಕಂಪನಿ ಊರೆಲ್ಲ ಸುತ್ತಿ ಬಂದು ಇದೇ ಮನೆಯ ಬಾಗಿಲು ತಟ್ಟಬೇಕು. ಮನೆಯ ಇಂಟರ್ನೆಟ್ ರೌಟರ್ ಬಾಗಿಲು ತೆಗೆಯಲಿಲ್ಲ. ಅದನ್ನು ಹೇಗೋ ಒಪ್ಪಿಸಿದರೆ, ಈ ಮನೆ ನಿಮ್ಮದೇ ಎನ್ನಲು ಸರ್ಟಿಫಿಕೇಟ್ ಎಲ್ಲಿ ಎಂದಿತು ಕಂಪನಿ. ಮಾವ ತಾನೇ ಒಂದು ತಯಾರಿಸಿ ಕೊಟ್ಟ. ತನಗೆ ತಾನೇ ಬರೆದುಕೊಂಡ ಸರ್ಟಿಫಿಕೇಟನ್ನು ಯಾರು ಒಪ್ಪುತ್ತಾರೆ? ಬೇರೆಯವರಿಂದ ಪಡೆಯಲು ಮತ್ತೆ ಅರ್ಜಿ ತುಂಬತೊಡಗಿದ. ಒಳಗಿನ ಕೋಣೆಯಲ್ಲಿ ಹೆಂಡತಿ ತಡವಿ ತಡವಿ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ಜಿಪ್ ಎಳೆದ ಸದ್ದಿಗೆ ಅವನ ಬೆರಳು ತಪ್ಪಿ, ಬರೆದದ್ದೆಲ್ಲ ಅಳಿಸಿಹೋಯಿತು. ಮೊದಲಿನಿಂದ ಬರೆದ. ಕೊನೆಗೂ ಸರ್ಟಿಫಿಕೇಟ್ ಬಂತು.

ಐದಕ್ಕೆ ಹತ್ತು ನಿಮಿಷವಿದ್ದಾಗ, "ಕ್ಯಾಸೆಟ್ ನಲವತ್ತೇಳು, ಬಿ ಸೈಡ್, ಮೂರು," ಎಂದ. ಡಬ್ಬಿ ಹಾಡಿತು! ಮಾವನಿಗೆ ಕುಣಿದಾಡುವಷ್ಟು ಖುಷಿಯಾಯಿತು.

ಅಕ್ಕ ಬಂದವಳೇ, "ಗಾಡಿ ಕಾಯ್ತಿದೆ, ಬೇಗ," ಎಂದಳು.

"ಒಂದೇ ನಿಮಿಷ," ಎಂದು ಮಾವ ಹೆಂಡತಿಯನ್ನು ಡಬ್ಬಿಯ ಮುಂದೆ ನಿಲ್ಲಿಸಿದ. "ನಿಂಗೆ ಯಾವ್ದು ಬೇಕೋ ಕೇಳು."

ಅವಳು ಗಂಟಲು ಸರಿಮಾಡಿಕೊಂಡಳು. "ದೋಣಿಯವನ ಹಾಡು ಹಾಕು."

"ಆ ಹಾಡು ಸಿಗಲಿಲ್ಲ," ಎಂದಿತು ಡಬ್ಬಿ.

"ಮಗು ಮಲಗಿಸೋ ಹಾಡು?"

"ಆ ಹಾಡು ಸಿಗಲಿಲ್ಲ."

ಆಗ ಹೊಳೆಯಿತು ಮಾವನಿಗೆ. ಅಂಗಡಿಗೆ ಬಂದ ಪ್ರತಿ ಸೆಟ್ಟಿಗೂ ನಂಬರಿನ ಚೀಟಿ ಕಟ್ಟುವುದು ಅವನ ಪದ್ಧತಿ. ಸಾವಿರದ ಇನ್ನೂರು ಹಾಡಿಗೂ ಹಾಗೆಯೇ ನಂಬರ್ ಹಾಕಿ ಕೂತಿದ್ದ ಪುಣ್ಯಾತ್ಮ. ಒಂದಕ್ಕೂ ಹೆಸರಿಲ್ಲ.

"ನಂಬರ್ ಹೇಳ್ಬೇಕು ಕಣೇ," ಎಂದ ಸಣ್ಣ ದನಿಯಲ್ಲಿ.

"ನಂಗ್ಯಾವ ನಂಬರ್ ಗೊತ್ತು? ನಾನು ಕ್ಯಾಸೆಟ್ ಬಣ್ಣ ನೋಡಿ ತೆಗೀತಿದ್ದೆ." ಅವಳು ಬಾಗಿಲ ಕಡೆ ತಿರುಗಿದಳು. ಅಕ್ಕ ಬ್ಯಾಗ್ ಎತ್ತಿಕೊಂಡಳು.

"ಸಾವಿರದ ಇನ್ನೂರು ಹಾಡಿದೆ, ಹೆಸರು ಹಾಕೋಣ ಅಂದ್ರೆ ನಂಗೆ ಒಂದೂ ಗೊತ್ತಿಲ್ಲ," ಎಂದ ಮಾವ. "ಇಷ್ಟು ವರ್ಷ ಸೌಂಡ್ ಸರಿ ಇದೆಯಾ ಅಂತ ಕೇಳಿದೆನೇ ಹೊರತು, ಹಾಡು ಕೇಳ್ಲೇ ಇಲ್ಲ. ನೀನು ಹೇಳ್ಕೊಡದೇ ಇದ್ರೆ ಇದು ಮುಗಿಯೋ ಕೆಲಸ ಅಲ್ಲ. ಹೋಗ್ಬೇಡ ಕಣೇ."

ಅವಳು ಬಾಗಿಲಿನಿಂದ ಇತ್ತ ತಿರುಗಿದಳು. ಆಮೇಲೆ ಕೈ ಚಾಚಿ, ಕುರ್ಚಿ ಹುಡುಕಿ ಕೂತಳು.

"ಮೊದಲನೇದು ಹಾಕಿ."

ಹಾಕಿದ. ಎರಡು ಸಾಲು ಮುಗಿಯುವಷ್ಟರಲ್ಲಿ ಹೇಳಿದಳು: "ಇದು ಕೊಳದ ಹಾಡು. ಬರ್ಕೊಳ್ಳಿ. ಮುಂದಿನ್ದು."

"ಹಾಗಾದ್ರೆ ಹೊರಡೋದು ಯಾವಾಗ?" ಎಂದಳು ಬಾಗಿಲಲ್ಲಿದ್ದ ಅಕ್ಕ.

"ಸಾವಿರದ ಇನ್ನೂರಿದೆಯಂತೆ ಅಕ್ಕ," ಎಂದಳು ಅವಳು. "ಮುಗೀಲಿ ಇರು."