ಒಳಗೆ ಹೋಗದ ಸಕ್ಕರೆ

ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಈ ಮಹಾರಾಯಗಿತ್ತಿಗೆ ಹುಡುಗರು ಇಟ್ಟ ಅಡ್ಡಹೆಸರು ‘ಬಾಗಿಲು ಮೇಡಂ’. ಜೀವಕೋಶದ ಪೊರೆಯ ಪಾಠ ಬಂತೆಂದರೆ ಸಾಕು, ತರಗತಿಯ ಬಾಗಿಲಿಗೇ ಅಡ್ಡ ನಿಂತುಬಿಡುವಳು.

“ಸಕ್ಕರೆ ಹೊರಗೆ ಜಾಸ್ತಿ, ಒಳಗೆ ಕಮ್ಮಿ. ಅದನ್ನ ಯಾರೂ ತಳ್ಳಬೇಕಾಗಿಲ್ಲ, ಶಕ್ತಿ ಖರ್ಚಾಗಲ್ಲ. ಆದ್ರೆ ಪೊರೆ ಕೊಬ್ಬಿಂದು, ಸಕ್ಕರೆ ಸುಮ್ಮನೆ ನುಸುಳೋಕಾಗಲ್ಲ. ದಾಟಿಸೋಕೆ ಪ್ರೋಟೀನಿನ ಬಾಗಿಲು ಬೇಕು. ಬಾಗಿಲೆಲ್ಲ ಭರ್ತಿಯಾದ್ರೆ ಹೊರಗೆ ಎಷ್ಟು ನೂಕುನುಗ್ಗಲಿದ್ರೂ ಅಷ್ಟೇ!”

ಕಡೆಯ ಬೆಂಚಿನವನ ತಲೆಗೂ ಹೋಗುತ್ತಿತ್ತು. ಹೋಗದಿದ್ದದ್ದು ಮನೆಯಲ್ಲಿದ್ದ ಹೆತ್ತಮ್ಮನ ತಲೆಗೆ ಮಾತ್ರ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಮಾತ್ರೆ ಸಾಲದೆಂದು ಡಾಕ್ಟರು ಇನ್ಸುಲಿನ್ ಬರೆದುಕೊಟ್ಟಿದ್ದರು. ಮೊದಮೊದಲು ತಾನೇ ಚುಚ್ಚಿಕೊಳ್ಳುತ್ತಿದ್ದವಳು ಈಚೆಗೆ ಸುತರಾಂ ಒಲ್ಲೆ ಎನ್ನುತ್ತಿದ್ದಳು. ಕಾಲಿನ ಗಾಯ ಮಾಯುತ್ತಿರಲಿಲ್ಲ. ಹೀಗೇ ಬಿಟ್ಟರೆ ಬೆರಳು ಉಳಿಯುವುದಿಲ್ಲವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು.

ಅಂದು ಸಂಜೆ ಮಗಳು ಬಂದಾಗ ಅಮ್ಮ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಹಿಡಿದು ನಿಂತಿದ್ದಳು.

“ಕೈಕಾಲು ಸೋತುಹೋಯ್ತು ಕಣೆ. ಒಂದು ಚೂರು ಬಾಯಿಗೆ ಹಾಕ್ಕೊಂಡೆ.”

ಮೇಡಂಗೆ ಮೈಯೆಲ್ಲ ಉರಿದುಹೋಯಿತು. “ಅಯ್ಯೋ ಅಮ್ಮ, ರಕ್ತದಲ್ಲಿ ಸಕ್ಕರೆ ತುಂಬಿ ತುಳುಕ್ತಿದೆ! ಒಳಗೆ ಹೋಗ್ತಿಲ್ಲ, ಅದಕ್ಕೇ ಸುಸ್ತು. ಇನ್ಸುಲಿನ್ ಬಂದ್ರೆ ತಾನೇ ಮಾಂಸಖಂಡದ ಕೋಶ ತನ್ನೊಳಗಿರೋ ಬಾಗಿಲುಗಳನ್ನ ಪೊರೆಗೆ ತಂದು ಕೂರಿಸೋದು! ಇನ್ನೆಷ್ಟು ಸಲ ಬಡ್ಕೊಳ್ಳಲಿ? ಕಲ್ಲಿಗೆ ಹೇಳಿದ್ರೂ ಕರಗ್ತಿತ್ತು!”

ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಾಗಿತ್ತು, ಅತ್ತದ್ದಾಗಿತ್ತು, ಮುನಿಸಿಕೊಂಡು ಮಾತು ಬಿಟ್ಟದ್ದೂ ಆಗಿತ್ತು. ಹಟಕ್ಕೂ ಒಂದು ಮಿತಿ ಬೇಡವೇ? ಊರ ಮಕ್ಕಳಿಗೆಲ್ಲ ತಿಳಿಸಿ ಹೇಳುವವಳಿಗೆ ಹೆತ್ತವಳ ಮುಂದೆ ಸಾಕುಸಾಕಾಗಿತ್ತು. ಫ್ರಿಜ್ಜಿನಿಂದ ಔಷಧಿ ತೆಗೆದಳು. ಸಿರಿಂಜಿನ ಜೊತೆ ಅಮ್ಮನ ಕೈಗೆ ತುರುಕಿದಳು.

“ತಗೋ. ನನ್ನೆದುರಿಗೇ ತಗೋ.”

ಅಮ್ಮ ಸಿರಿಂಜನ್ನು ದೀಪದ ಕಡೆ ಎತ್ತಿದಳು. ದೂರ ಹಿಡಿದಳು, ಹತ್ತಿರ ತಂದಳು, ಕಣ್ಣು ಕಿರಿದು ಮಾಡಿದಳು. ಕೊನೆಗೆ ಮೇಜಿನ ಮೇಲಿಟ್ಟಳು.

“ನಿನ್ನ ಬಾಗಿಲಿನ ಪಾಠ ಮೊದಲನೇ ದಿನವೇ ಅರ್ಥವಾಯ್ತು ಕಣೆ. ಇದರ ಮೇಲಿನ ಗೆರೆ ಕಾಣಲ್ಲ ನಂಗೆ. ಒಂದ್ಸಲ ಅಳತೆ ತಪ್ಪಿ ಹೆಚ್ಚು ತಗೊಂಡು, ಸಕ್ಕರೆ ತೀರಾ ಇಳಿದು, ನೀನಿಲ್ಲದಾಗ ಬಚ್ಚಲಲ್ಲಿ ಬಿದ್ದಿದ್ದೆ. ಹೇಳೋಣ ಅಂತ ಕಾಯ್ತಾ ಇರ್ತೀನಿ. ನೀನು ಬಂದೋಳೇ ಪಾಠ ಶುರು ಮಾಡ್ತೀಯ.”