ಮಾವನವರ ಹೂಂ

ನನಗೊಂದು ಚಟವಿದೆ. ಹಾಡಿನಲ್ಲಿ ಹಾಡು ನಿಂತ ಜಾಗವನ್ನು ಹುಡುಕಿಕೊಂಡು ಹೋಗುತ್ತೇನೆ. ಮದುವೆ ಊಟದಲ್ಲಿ ಹೋಳಿಗೆ ಬಿಟ್ಟು ಎಲೆತುದಿಯ ಉಪ್ಪನ್ನು ಹೊಗಳುವ ಗಿರಾಕಿ ಎಂದು ನನ್ನ ಹೆಂಡತಿ ಹಂಗಿಸುತ್ತಾಳೆ.

ಕೊಳ್ಳೇಗಾಲದ ನಮ್ಮ ಮನೆಗೆ ಅವಳ ತವರು ಧನಗೆರೆ ದೂರವೇನಲ್ಲ. ಅಲ್ಲಿ ವರ್ಷಕ್ಕೊಮ್ಮೆ ಮಾವನವರು ಮಾದಪ್ಪನ ಹೆಸರಿನಲ್ಲಿ ನೆಂಟರಿಷ್ಟರಿಗೆ ಊಟ ಹಾಕುತ್ತಾರೆ. ಊಟಕ್ಕೆ ಮೊದಲು ಹನೂರು ಕಡೆಯ ಕಂಸಾಳೆಯವರು ಜಗಲಿಯ ಮೇಲೆ ಕೂತು ದೇವರ ಕಥೆ ಹಾಡಬೇಕು; ಕಥೆ ಮುಗಿಯದೆ ಎಲೆ ಹಾಕುವಂತಿಲ್ಲ. ಹಿರಿಯ ಹಾಡುಗಾರ ಸಿದ್ದಯ್ಯ ಕಥೆಯನ್ನು ಇಕ್ಕಟ್ಟಿಗೆ ತಂದು ನಿಲ್ಲಿಸಿ, "ಆಗ ಏನಾಯ್ತಪ್ಪಾ?" ಎಂದು ಕಂಚಿನ ಕಂಸಾಳೆಯನ್ನು ಒಮ್ಮೆ ತಟ್ಟಿ ಸುಮ್ಮನಾಗುತ್ತಾರೆ. ಆ ನಾದ ಸಣ್ಣಗಾಗುತ್ತ ಆಗುತ್ತ, ಇದೆಯೋ ಇಲ್ಲವೋ ಎನ್ನುವಲ್ಲಿಗೆ ಬರುತ್ತದೆ. ನನಗೆ ಬೇಕಾದದ್ದು ಅದೇ ಗಳಿಗೆ. ಅಷ್ಟರಲ್ಲಿ ಕಂಬಕ್ಕೆ ಒರಗಿ ಕೂತ ಮಾವನವರು "ಹೂಂ" ಎನ್ನುತ್ತಾರೆ. ಸಣ್ಣ ಹೂಂ ಅಲ್ಲ, ಗದ್ದೆಯಾಚೆಗೂ ಕೇಳುವಂಥದ್ದು.

ಸಂಗೀತಶಾಸ್ತ್ರದಲ್ಲಿ ತಾಳ ಬಂದ ಮೇಲೆ ಹಾಡು ಬರುವುದಕ್ಕೆ ಅನಾಗತ ಎನ್ನುತ್ತಾರೆ. ಹಾಡು ನಿಂತು, ತಾಳ ನಿಂತು, ಮಾವನವರು ಇನ್ನೂ ಬಾಯಿ ತೆರೆಯದೆ ಇರುವುದಕ್ಕೆ ಏನೆನ್ನುತ್ತಾರೋ ತಿಳಿಯದು. ಅಂಥದ್ದೊಂದನ್ನು ಯಾವ ಶಾಸ್ತ್ರಕಾರನೂ ಕಂಡಿರಲಾರ.

ಈ ವರ್ಷ ಆ ಮೌನವನ್ನು ಮೊಬೈಲಿನಲ್ಲಿ ಹಿಡಿದೇ ತೀರುತ್ತೇನೆಂದು ಹಠ ಹಿಡಿದೆ. ಯಳಂದೂರಿನಿಂದ ಎಳೆಯ ವೀಳ್ಯದೆಲೆ ತಂದೆ. ಕಥೆ ಇಕ್ಕಟ್ಟಿಗೆ ಬರುವ ಹೊತ್ತಿಗೆ ಸರಿಯಾಗಿ, ಹಿಡಿ ಗಾತ್ರದ ಎಲೆಯಡಿಕೆ ಮಡಿಸಿ ಬಲು ವಿನಯದಿಂದ ಮಾವನವರ ಕೈಗಿತ್ತೆ. ಅಳಿಯನ ಭಕ್ತಿಗೆ ಮರುಳಾಗಿ ಅವರು ಅಷ್ಟನ್ನೂ ಬಾಯಿಗೆ ತುರುಕಿಕೊಂಡರು.

"ಆಗ ಏನಾಯ್ತಪ್ಪಾ?" ಕಂಸಾಳೆ ನುಡಿಯಿತು. ನಾದ ಸಣ್ಣಗಾಯಿತು. ಪೂರ್ತಿ ಹೋಯಿತು. ಹೂಂ ಬರಲಿಲ್ಲ. ಗೆದ್ದೆ ಅಂದುಕೊಂಡೆ.

ಹೂಂ ಇಲ್ಲದೆ ಕಥೆ ಮುಂದಕ್ಕೆ ಹೋಗುವುದಿಲ್ಲ ಎನ್ನುವುದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ. ಸಿದ್ದಯ್ಯ ಮತ್ತೊಮ್ಮೆ ಕೇಳಿ, ಮತ್ತೊಮ್ಮೆ ತಟ್ಟಿದರು. ಜಗಲಿಯೆಲ್ಲ ಮಾವನವರತ್ತ ತಿರುಗಿತು. ಒಳಗಿನಿಂದ ಅತ್ತೆಯವರು ಕೂಗಿದರು: "ಯಾರಾರ ಹೂಂ ಅನ್ರಪ್ಪಾ, ಅನ್ನ ಆರೋಯ್ತದೆ!" ಕೆನ್ನೆ ಉಬ್ಬಿಸಿಕೊಂಡ ಮಾವನವರು ನನ್ನತ್ತ ಬೆರಳು ತೋರಿಸಿದರು. ಬೇರೆ ದಾರಿಯಿಲ್ಲದೆ ನಾನೇ ಹೂಂ ಅಂದೆ. ಅದು ಬೆಕ್ಕಿನ ಮರಿಯ ದನಿಯಲ್ಲಿ ಬಂತು.

"ಅಂಗ್ ಬನ್ನಿ ಸಾ ದಾರಿಗೆ!" ಎಂದು ಸಿದ್ದಯ್ಯ ನಕ್ಕರು. ಕಥೆ ಓಡಿತು.

ಮನೆಗೆ ಬಂದು ಮೊಬೈಲ್ ಕಿವಿಗಿಟ್ಟುಕೊಂಡೆ. ಮೊದಲನೆಯ ಮೌನ ಚೊಕ್ಕವಾಗಿತ್ತು, ಆದರೆ ಬ್ಯಾಟರಿ ಸತ್ತ ಹಾಗಿತ್ತು, ರುಚಿಯೇ ಇಲ್ಲ. ಇಷ್ಟು ವರ್ಷ ನನಗೆ ಸಿಹಿಯೆನಿಸಿದ್ದು ಬರಿಯ ಮೌನವಲ್ಲ, ಮಾವನವರು ಇನ್ನೇನು ಹೂಂ ಅಂದಾರು ಎಂಬ ನಂಬಿಕೆ. ಪ್ರತಿ ವರ್ಷ ಒಳಗೊಳಗೇ ಬೈದುಕೊಂಡ ಆ ಹೂಂ ನನಗೆ ಬೇಕೇ ಬೇಕಾಗಿತ್ತು.

ಮಾರನೆಯ ದಿನ ಅವರ ಫೋನು ಬಂತು: "ಬರೋ ವರ್ಸ ಎಲೆ ತರಬ್ಯಾಡಿ ಅಳೀಮಯ್ಯ, ಗಂಟ್ಲು ಸರಿ ಮಾಡ್ಕಂಡ್ ಬನ್ನಿ."

ಈಗ ಬಚ್ಚಲುಮನೆಯಲ್ಲಿ ಅಭ್ಯಾಸ ನಡೆದಿದೆ. ಮೊನ್ನೆ ನೀರು ಹುಯ್ದುಕೊಳ್ಳುತ್ತ ಎದೆಯಿಂದ ಒಂದು ಹೂಂ ತೆಗೆದೆ. ಅಡುಗೆಮನೆಯಲ್ಲಿ ಹೆಂಡತಿ ಎಂದಿನಂತೆ ಏನೋ ಹೇಳುತ್ತಿದ್ದಳಂತೆ, ಗಕ್ಕನೆ ಮಾತು ನಿಲ್ಲಿಸಿದಳು.

"ಕೇಳಿಸ್ಕತಾ ಇದ್ರಾ?" ಎಂದಳು. ಆ ದನಿಯಲ್ಲಿ ಅಷ್ಟು ಸಂತೋಷವಿತ್ತು. ನನಗೆ ನಾಚಿಕೆಯಾಯಿತು.

ಅವಳು ಮೊದಲಿನಿಂದ ಶುರು ಮಾಡಿದಳು. ನಾನು ನಲ್ಲಿ ನಿಲ್ಲಿಸಿದೆ.