ಬೀರುವಿನ ಮುಂದಿನ ಟಿಕ್ ಸದ್ದು

ಗಂಡ ತೀರಿಕೊಂಡ ಮೇಲೆ ಅವನು ದುಡಿಯುತ್ತಿದ್ದ ಪ್ರಯೋಗಾಲಯದವರು ಅವಳ ಕೈಗೆ ಒಂದು ಕಡತ ಕೊಟ್ಟರು. ಒಂಬತ್ತು ವರ್ಷ ಅವನು ಜೇಬಿಗೆ ಸಿಕ್ಕಿಸಿಕೊಂಡು ಓಡಾಡಿದ ವಿಕಿರಣ ಅಳೆಯುವ ಬಿಲ್ಲೆಯ ತಿಂಗಳ ವರದಿಗಳು ಅದರಲ್ಲಿದ್ದವು. ಪ್ರತಿ ಹಾಳೆಯಲ್ಲೂ ಸೊನ್ನೆ. ರಕ್ತದ ಕಾಯಿಲೆಗೆ ಮೂವತ್ತೆಂಟಕ್ಕೇ ಹೋದವನ ಮೈಮೇಲೆ ಏನೂ ಬಿದ್ದಿರಲಿಲ್ಲವಂತೆ.

ಅವಳು ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕುವವಳು. ಹೇಳಿದ್ದನ್ನು ಹಾಗೇ ನುಂಗುವ ಜಾಯಮಾನವಲ್ಲ. ಅವರಿವರನ್ನು ಕಾಡಿ ತಿಳಿದುಕೊಂಡಳು: ಆ ಬಿಲ್ಲೆಗೆ ಗಾಮಾ ಕಿರಣ ಕಾಣುತ್ತಿತ್ತು, ನ್ಯೂಟ್ರಾನ್ ಕಾಣುತ್ತಿರಲಿಲ್ಲ. ಅವನು ದುಡಿದದ್ದು ನ್ಯೂಟ್ರಾನ್ ಹೊಮ್ಮಿಸುವ ಪೆಟ್ಟಿಗೆಯಿದ್ದ ಕೋಣೆಯಲ್ಲಿ.

"ಕುರುಡನ್ನ ಕಾವಲಿಗೆ ನಿಲ್ಲಿಸಿದ್ರಿ ಸಾರ್," ಎಂದಳು ಪ್ರಯೋಗಾಲಯದ ಮುಖ್ಯಸ್ಥರಿಗೆ. "ಕಣ್ಣಿರೋದನ್ನ ಮಾಡೋಣ. ನನ್ನನ್ನೂ ಸೇರಿಸ್ಕೊಳ್ಳಿ."

ಆರು ವರ್ಷ ಹಿಡಿಯಿತು. ಬೆಂಕಿಪೊಟ್ಟಣದಷ್ಟು ಡಬ್ಬಿ, ಒಳಗಿನ ಸಿಲಿಕಾನ್ ಚೂರಿಗೆ ನ್ಯೂಟ್ರಾನ್ ಸಿಕ್ಕರೆ ಒಂದು ಟಿಕ್. ಜೊತೆಯವರು ಅವಳನ್ನು 'ಟಿಕ್ಕಮ್ಮ' ಎಂದೇ ಕರೆಯತೊಡಗಿದರು. ಸುಮ್ಮನಿರಬೇಕಾದ ಕಡೆ ಸುಮ್ಮನಿರುತ್ತದೆಯೇ ಎಂದು ನೋಡಲು ಒಂದು ಸಂಜೆ ಅದನ್ನು ಎದೆಗೆ ಸಿಕ್ಕಿಸಿಕೊಂಡೇ ಮನೆಗೆ ಬಂದಳು. ಅಡುಗೆಮನೆಯಲ್ಲಿ ಸದ್ದಿಲ್ಲ. ಮಲಗುವ ಕೋಣೆಯಲ್ಲಿ, ಗಂಡನ ಬಟ್ಟೆಗಳಿದ್ದ ಬೀರುವಿನ ಮುಂದೆ ನಿಂತಾಗ, ಟಿಕ್. ಟಿಕ್ ಟಿಕ್.

ಬಾಗಿಲಲ್ಲಿದ್ದ ಅತ್ತೆ ಮೆಲ್ಲಗೆ ಕೇಳಿದರು, "ಅವನೇ ಅಲ್ವೇನಮ್ಮ?"

"ಅಲ್ಲ ಅತ್ತೆ. ಡಬ್ಬೀದೇ ಏನೋ ದೋಷ."

ಆದರೂ ದಿನಾ ಸಂಜೆ ಅತ್ತೆ, "ಅದನ್ನ ಹಾಕ್ಕೊಂಡು ಒಂಚೂರು ಅಲ್ಲಿ ನಿಂತ್ಕೋ" ಎನ್ನುವರು. ಅವಳು ನಿಲ್ಲುವಳು. ಟಿಕ್ ಎಂದರೆ ಅತ್ತೆ, "ಊಟ ಆಯ್ತೇನಪ್ಪ?" ಎಂದು ಬೀರುವನ್ನು ಕೇಳುವರು. ಮೂರು ವಾರ ಅವಳು ದೋಷ ಹುಡುಕಲೇ ಇಲ್ಲ.

ನಾಲ್ಕನೆಯ ವಾರ ಹುಡುಕಿದಳು. ಗೋಡೆಯಾಚೆ ಪಕ್ಕದ ಮನೆಯವರ ನೀರಿನ ಪಂಪು ಸಂಜೆ ಓಡುತ್ತಿತ್ತು. ಅದರ ಮೋಟಾರು ಎಬ್ಬಿಸುವ ವಿದ್ಯುತ್ ಗದ್ದಲವನ್ನೇ ಡಬ್ಬಿ ನ್ಯೂಟ್ರಾನ್ ಎಂದು ಎಣಿಸುತ್ತಿತ್ತು. ಆ ಗದ್ದಲ ತಾಗದಂತೆ ಒಳಗೆ ತಾಮ್ರದ ತೆಳು ಹಾಳೆ ಸುತ್ತಿದಳು. ಅಂದು ಬೀರುವಿನ ಮುಂದೆ ಎಷ್ಟು ಹೊತ್ತು ನಿಂತರೂ ಸದ್ದಿಲ್ಲ.

"ಅವನ ಬಾಯಿ ಕಟ್ಟಿಬಿಟ್ಟೆಯಲ್ಲೇ," ಎಂದ ಅತ್ತೆ ಎರಡು ದಿನ ಮಾತು ಬಿಟ್ಟರು.

ಮರುವರ್ಷ ನ್ಯೂಟ್ರಾನ್ ಕೋಣೆಗೆ ಹೋಗುವವರೆಲ್ಲರ ಎದೆಗೂ ಆ ಡಬ್ಬಿ ಬಂತು. ಒಂದು ಮಧ್ಯಾಹ್ನ ಕೊಳಾಯಿ ರಿಪೇರಿಯವನು ಒಳಗೆ ಕಾಲಿಟ್ಟದ್ದೇ ತಡ, ಡಬ್ಬಿ ಒಂದೇ ಸಮನೆ ಅರಚತೊಡಗಿತು. ಅವನು ಎದ್ದೆನೋ ಬಿದ್ದೆನೋ ಎಂದು ಹೊರಗೋಡಿದ. ನೋಡಿದರೆ, ನ್ಯೂಟ್ರಾನ್ ಹೊಮ್ಮಿಸುವ ಪೆಟ್ಟಿಗೆಯ ಮುಚ್ಚಳ ಬೆರಳಗಲ ತೆರೆದಿತ್ತು.

"ಬಿಸಿ ಇಲ್ಲ, ವಾಸ್ನೆ ಇಲ್ಲ, ಏನೂ ಗೊತ್ತಾಗ್ಲಿಲ್ಲ ಟಿಕ್ಕಮ್ಮ," ಎಂದ, ಅವಳೆದುರು ಕುಳಿತು. "ತಣ್ಣಗಿದೆ, ಇಲ್ಲೇ ಕೂತು ಊಟ ಮುಗಿಸ್ಬಿಡೋಣ ಅಂದ್ಕೊಂಡಿದ್ದೆ."

ಅವಳು ಅವನಿಗೆ ನೀರು ಕೊಟ್ಟಳು. ತನ್ನವನೂ ತಣ್ಣಗಿದೆಯೆಂದು ಅಲ್ಲೇ ಬುತ್ತಿ ಬಿಚ್ಚುತ್ತಿದ್ದನೇ? ಎಷ್ಟು ದಿನ? ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ಆ ಪ್ರಶ್ನೆ ಅಂದು ಅವಳ ಹಿಂದೆಯೇ ಮನೆಗೆ ಬಂತು, ಮತ್ತೆ ಹೊರಟುಹೋಗಲಿಲ್ಲ.